ಗೆದ್ದ ಮೈಗೂ ಬಿಡುವು ಬೇಕು

ಪುಷ್ಯಮಾಸದ ಬನದ ಹುಣ್ಣಿಮೆಯಂದು ಬಾದಾಮಿಯ ಬಳಿಯ ಬನಶಂಕರಿಯ ತೇರು ಸಾಗಿತೆಂದರೆ ಮಲಪ್ರಭೆಯ ಸೀಮೆಯಲ್ಲಿ ಜಾತ್ರೆಗಳ ಹಂಗಾಮು ಕಾಲಿಟ್ಟಂತೆಯೇ ಸರಿ. ತಿಂಗಳುಗಟ್ಟಲೆ ನಿಲ್ಲುವ ಆ ಜಾತ್ರೆಯ ನಾಟಕ ಕಂಪನಿಗಳ ಕೀರ್ತಿ ನಾಡಿಗೆಲ್ಲ ತಿಳಿದುದು. ಅಲ್ಲಿಂದ ಮುಂದೆ ಬಾಗಲಕೋಟೆಯ ಹೋಳಿ ಕಳೆದು ಯುಗಾದಿ ದಾಟುವ ವರೆಗೆ ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ಸುತ್ತಿನ ಹಳ್ಳಿಗಳಲ್ಲಿ ಇಂದು ಒಂದು ತೇರು, ನಾಳೆ ಒಂದು ಉರುಸು. ಜಾತ್ರೆಯಿದ್ದಲ್ಲಿ ಹಲಗೆಯ ಸದ್ದು. ಹಲಗೆಯ ಸದ್ದಿದ್ದಲ್ಲಿ ಕುಸ್ತಿಯ ಕಣ.

ಕಣದ ಸುತ್ತ ನೆರೆದವರು ನೋಡುವುದು ಒಂದು ಸಂಜೆಯ ಕುಸ್ತಿಯನ್ನು. ಪೈಲ್ವಾನನ ಮೈ ಹೊರುವುದಾದರೋ ಇಡಿಯ ಹಂಗಾಮಿನ ಭಾರವನ್ನು. ಕುಸ್ತಿಯ ಇನಾಮನ್ನೇ ನೆಚ್ಚಿಕೊಂಡ ಪೈಲ್ವಾನನಿಗೆ ಈ ಮೂರು ನಾಲ್ಕು ತಿಂಗಳುಗಳೇ ವರುಷದ ಗಳಿಕೆ. ಹಾಲು, ತುಪ್ಪ, ಬಾದಾಮಿಗಳ ಖುರಾಕಿಗೆ ಮನೆಯವರು ಮಾಡಿದ ಸಾಲ ತೀರಬೇಕಾದುದೂ ಈ ದಿನಗಳಲ್ಲಿಯೇ. ಆದುದರಿಂದ ಕರೆ ಬಂದ ಕಣವನ್ನು ಆತನು ಬಿಡಲಾರನು. ವಾರದಲ್ಲಿ ಎರಡು ಮೂರು ಕಣಗಳು ಒದಗಿದರೆ ಮೂರಕ್ಕೂ ಇಳಿಯುವನು. ನಡುವಿನ ರಾತ್ರಿಗಳನ್ನು ಬಸ್ಸಿನಲ್ಲಿಯೋ ಲಾರಿಯಲ್ಲಿಯೋ ಕಳೆಯುವನು.

ಅಂತರರಾಷ್ಟ್ರೀಯ ನಿಯಮದ ಕುಸ್ತಿಯಲ್ಲಿ 3 ನಿಮಿಷಗಳ ಎರಡು ಸುತ್ತು, ನಡುವೆ 30 ಸೆಕೆಂಡುಗಳ ವಿರಾಮ. ನಮ್ಮ ಸೀಮೆಯ ಜಂಗೀ ನಿಕಾಲಿ ಕುಸ್ತಿಗೆ ಗಡಿಯಾರದ ಹಂಗಿಲ್ಲ. ಒಬ್ಬನ ಬೆನ್ನು ಮಣ್ಣಿಗೆ ತಾಗಬೇಕು, ಆಗಲೇ ತೀರ್ಮಾನ. ಸರಿಜೋಡಿ ಬಿದ್ದಿತೆಂದರೆ ಪಟ್ಟು ಹಿಡಿದವನೂ ಬಿಡನು, ಹಿಡಿಸಿಕೊಂಡವನೂ ಸೋಲನು. ಇಂಥ ಹೊತ್ತಿನಲ್ಲಿ ಸ್ನಾಯುಗಳು ತಮ್ಮಲ್ಲಿ ಕೂಡಿಟ್ಟುಕೊಂಡ ಸಕ್ಕರೆಯ ಸಂಚಯವನ್ನು ಸುಟ್ಟುಕೊಳ್ಳುತ್ತವೆ. ಬೆವರಿನೊಡನೆ ನೀರೂ ಲವಣವೂ ಹರಿದುಹೋಗುತ್ತವೆ. ಸ್ನಾಯುವಿನ ಸೂಕ್ಷ್ಮವಾದ ಎಳೆಗಳು ಅಲ್ಲಲ್ಲಿ ಹರಿಯುತ್ತವೆ. ನೀರನ್ನು ಕೆಲವು ಗಂಟೆಗಳಲ್ಲಿ ತುಂಬಿಕೊಳ್ಳಬಹುದು. ಸಕ್ಕರೆಯ ಸಂಚಯಕ್ಕೆ ಒಂದು ದಿನಕ್ಕೂ ಮಿಕ್ಕ ಕಾಲ ಬೇಕಾಗಬಹುದು. ಹರಿದ ಎಳೆಗಳು ಕೂಡಿಕೊಳ್ಳಲು ಇನ್ನೂ ಹೆಚ್ಚು ದಿನಗಳು ಬೇಕು. ಮೈನೋವು ಕುಸ್ತಿಯ ದಿನಕ್ಕಿಂತ ಮರುದಿನ, ಅದರ ಮರುದಿನ ಹೆಚ್ಚುವುದು ಇದರಿಂದಲೇ. ಇಳಕಲ್ಲಿನ ನೇಕಾರನು ಸೀರೆಯ ಒಡಲಿಗೆ ಸೆರಗನ್ನು ಕೂಡಿಸುವಾಗ ಕೊಂಡಿ ಹಾಕಿ ಒಂದೊಂದೇ ಎಳೆಯನ್ನು ಜೋಡಿಸುತ್ತಾನೆ; ಅವಸರಿಸಿದರೆ ಜೋಡಣೆ ನಿಲ್ಲದು. ದೇಹವೂ ಅಂಥದೇ ತಾಳ್ಮೆಯ ನೇಕಾರ.

ಈ ಮಾತಿಗೆ ಕಾಲ್ಚೆಂಡಿನ ಆಟದಿಂದ ಬಲವಾದ ಪುರಾವೆಯೊಂದು ದೊರಕಿದೆ. ಯೂರೋಪಿನ ಉನ್ನತ ದರ್ಜೆಯ ತಂಡವೊಂದರ 32 ಮಂದಿ ವೃತ್ತಿ ಆಟಗಾರರನ್ನು ಎರಡು ಋತುಗಳ ಕಾಲ ಗಮನಿಸಿ, 2010ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ವಾರಕ್ಕೆ ಒಂದು ಪಂದ್ಯವಾಡಿದಾಗ 1,000 ಗಂಟೆಗಳ ಆಟ–ಅಭ್ಯಾಸಕ್ಕೆ 4.1 ಗಾಯಗಳಾದರೆ, ಎರಡು ಪಂದ್ಯವಾಡಿದಾಗ 25.6 ಗಾಯಗಳು, ಎಂದರೆ ಆರು ಪಟ್ಟು. ಇದಕ್ಕಿಂತಲೂ ಸೋಜಿಗದ ಸಂಗತಿ ಇನ್ನೊಂದಿದೆ. ಎರಡನೆಯ ಪಂದ್ಯದಲ್ಲಿಯೂ ಆಟಗಾರರು ಓಡಿದ ದೂರವಾಗಲಿ ವೇಗವಾಗಲಿ ಗಮನಾರ್ಹವಾಗಿ ಕುಗ್ಗಿರಲಿಲ್ಲ! ನೋಡುವವರ ಕಣ್ಣಿಗೆ ಆಟಗಾರ ಗಟ್ಟಿಯಾಗಿಯೇ ಇದ್ದ. ಒಳಗೆ ಮಾತ್ರ ದಣಿವು ಕೂಡಿಕೊಳ್ಳುತ್ತಿತ್ತು. ಕಣದಲ್ಲಿ ತೊಡೆ ತಟ್ಟಿ ನಿಂತ ಪೈಲ್ವಾನನನ್ನು ಕಂಡು ‘ಇವನಿಗೇನು ದಣಿವು!’ ಎನ್ನುವವರು ಇದನ್ನು ನೆನೆಯಬೇಕು.

ಜಗತ್ತಿನ ಅತಿ ದೊಡ್ಡ ಕಣದಲ್ಲಿಯೂ ಈ ಕಷ್ಟ ತಪ್ಪಿದ್ದಲ್ಲ. 2024ರ ಆಗಸ್ಟ್ 6ರಂದು ಪ್ಯಾರಿಸ್ ಒಲಿಂಪಿಕ್ಸಿನ 50 ಕಿಲೋ ವಿಭಾಗದಲ್ಲಿ ವಿನೇಶ್ ಫೋಗಾಟ್ ಒಂದೇ ದಿನ ಮೂರು ಕುಸ್ತಿಗಳನ್ನು ಗೆದ್ದರು. ಆ ದಿನ ಶಕ್ತಿಗಾಗಿ ಸೇವಿಸಿದ ಅನ್ನ–ನೀರಿನಿಂದ ಏರಿದ ತೂಕವನ್ನು ಇಳಿಸಲು ರಾತ್ರಿಯೆಲ್ಲ ಬೆವರು ಸುರಿಸಬೇಕಾಯಿತು. ಆದರೂ ಬೆಳಗ್ಗೆ 100 ಗ್ರಾಂ ಹೆಚ್ಚಾಗಿ, ಅಂತಿಮ ಕುಸ್ತಿ ಕೈತಪ್ಪಿತು. ಮೂರು ಗೆಲುವು ಕಂಡ ಮೈಗೆ ಬೇಕಾಗಿದ್ದುದು ನಿದ್ರೆ. ದೊರೆತುದು ಮತ್ತೊಂದು ದುಡಿಮೆ.

ಬಿಡುವಿನ ಬೆಲೆ ತಾಲೀಮಿನ ವಸ್ತಾದರಿಗೆ ತಿಳಿಯದ ಹೊಸ ಸಂಗತಿಯೇನಲ್ಲ. ದಂಡ, ಬೈಠಕ್ಕುಗಳಷ್ಟೇ ಮಾಲೀಸಿಗೂ ನಿದ್ರೆಗೂ ಅವರ ಶಿಸ್ತಿನಲ್ಲಿ ಸ್ಥಾನವುಂಟು. ಆ ಶಿಸ್ತು ಮುರಿಯುವುದು ತಾಲೀಮಿನಲ್ಲಲ್ಲ, ತಿರುಗಾಟದಲ್ಲಿ. ಆದಕಾರಣ ಹೊಣೆಯ ಪಾಲು ಜಾತ್ರೆಯ ಹಿರಿಯರದೂ ಆಗಿದೆ. ಅಕ್ಕಪಕ್ಕದ ಊರುಗಳ ಕಮಿಟಿಗಳು ಮಾತಾಡಿಕೊಂಡು ದೊಡ್ಡ ಜೋಡಿಗಳ ನಡುವೆ ನಾಲ್ಕಾರು ದಿನ ಅಂತರವಿಟ್ಟರೆ ಯಾವ ಜಾತ್ರೆಯ ಕಳೆಯೂ ಕುಂದದು. ಹುನಗುಂದ–ಇಳಕಲ್ಲುಗಳು ಒಂದೇ ಹೆದ್ದಾರಿಯ ನೆರೆಹೊರೆಯ ಊರುಗಳು. ಇಂಥ ಒಪ್ಪಂದ ಅಲ್ಲಿಗೆ ಅಸಾಧ್ಯವೇನಲ್ಲ. ಕಣದ ಬದಿಗೆ ವೈದ್ಯನೊಬ್ಬ, ಕುಡಿಯಲು ಶುದ್ಧ ನೀರು, ಮಲಗಲು ಒಂದು ಕೋಣೆ, ಸೋತವನಿಗೂ ಬಂದು ಹೋಗುವ ಖರ್ಚು—ಇಷ್ಟಾದರೆ ಕುಂಟುತ್ತಲೇ ಮುಂದಿನ ಊರಿನ ಕಣಕ್ಕೆ ಓಡುವ ಒತ್ತಾಯ ಎಷ್ಟೋ ತಗ್ಗುವುದು.

ಮಾಜಿ ಪೈಲ್ವಾನರಿಗೆ ಸರಕಾರ ಮಾಸಾಶನ ಕೊಡುವುದುಂಟು. ಅದು ಸ್ತುತ್ಯವಾದ ಕಾರ್ಯ. ಆದರೆ ಮುರಿದ ಮೊಣಕಾಲಿಗೆ ಮುಪ್ಪಿನಲ್ಲಿ ಸಲ್ಲುವ ನೆರವಿಗಿಂತ, ಅದು ಮುರಿಯದಂತೆ ಹರೆಯದಲ್ಲಿ ಕೊಡುವ ನಾಲ್ಕು ದಿನಗಳ ಬಿಡುವು ಹೆಚ್ಚಿನದು. ಗೆದ್ದವನಿಗೆ ಬೆಳ್ಳಿಯ ಗದೆ ಕೊಡುವ ಊರು, ಅದನ್ನು ಮುಂದಿನ ವರುಷವೂ ಎತ್ತಬಲ್ಲ ತೋಳನ್ನು ಕಾಪಾಡುವುದೂ ಧರ್ಮವೇ.