ಗೃಹವಿಚಾರ: ಮಾರುವ ಮನೆಯ ಸಿದ್ಧತೆ

ಮನೆಯನ್ನು ಕಟ್ಟುವ ವಿಷಯವಾಗಿ ನಮ್ಮ ಹಿರಿಯರು ಶಾಸ್ತ್ರಗಳನ್ನೇ ಬರೆದಿಟ್ಟಿರುವರು. ಮಾರುವ ವಿಷಯವಾಗಿ ಮಾತ್ರ ಯಾರೂ ಬಾಯಿಬಿಟ್ಟು ಹೇಳಿದಂತಿಲ್ಲ. ಮನೆ ಮಾರುವದೆಂದರೆ ಮನೆತನಕ್ಕೆ ಇಳಿಗಾಲ ಬಂದಂತೆಂದು ಎಣಿಸುವ ರೂಢಿಯೇ ಇದಕ್ಕೆ ಕಾರಣವಾಗಿರಬೇಕು. ಆದರೆ ಮಕ್ಕಳು ಪುಣೆಯಲ್ಲಿಯೂ ಬೆಂಗಳೂರಿನಲ್ಲಿಯೂ ನೆಲೆಸಿ, ಊರ ಮನೆಯಲ್ಲಿ ಮುಪ್ಪಿನವರಿಬ್ಬರೇ ಉಳಿದಾಗ, ಇಲ್ಲವೆ ಅವರೂ ಹೋಗಿ ಬಾಗಿಲಿಗೆ ಬೀಗವೊಂದೇ ಉಳಿದಾಗ, ಮಾರುವದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಈ ತಿಂಗಳು ಕೃಷ್ಣಾತೀರದ ಉಗಾರ ಖುರ್ದವನ್ನು ಕಣ್ಣಮುಂದಿಟ್ಟುಕೊಂಡು ಈ ವಿಷಯವನ್ನು ವಾಚಕರೊಡನೆ ಆಲೋಚಿಸುವೆವು.

ಖುರ್ದವೆಂದರೆ ಚಿಕ್ಕದು, ಬುದ್ರುಕವೆಂದರೆ ದೊಡ್ಡದು. ಆದರೆ 1939ರಲ್ಲಿ ಸ್ಥಾಪಿತವಾದ ಸಕ್ಕರೆಯ ಕಂಪನಿಯಿಂದಲೂ ರೇಲ್ವೆಯ ನಿಲ್ದಾಣದಿಂದಲೂ ಚಿಕ್ಕ ಉಗಾರಕ್ಕೆ ದೊಡ್ಡ ಹೆಸರು ಬಂದಿತು. ಹೆಸರುಗಳ ಈ ವಿನೋದವು ಖರೀದಿಪತ್ರದಲ್ಲಿ ವಿನೋದವಾಗಿ ಉಳಿಯುವದಿಲ್ಲ. ಹಳೆಯ ಕಾಗದಗಳಲ್ಲಿ ಬರಿದೇ 'ಉಗಾರ' ಎಂದಿದ್ದರೆ ಯಾವ ಉಗಾರವೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಹಿಂದೆ ಅಥಣಿ ತಾಲೂಕಿನಲ್ಲಿದ್ದ ಊರು ಈಗ ಕಾಗವಾಡ ತಾಲೂಕಿಗೆ ಸೇರಿರುವದರಿಂದ ಅದನ್ನೂ ಸರಿಯಾಗಿ ನಮೂದಿಸತಕ್ಕದ್ದು.

ಇಲ್ಲಿಯ ಮನೆಗಳ ಮುಖ್ಯ ಪ್ರಶ್ನೆ ನೀರಿನದು. ಕೊಯನೆಯ ನೀರೂ ವಾರಣಾ, ಪಂಚಗಂಗಾ, ದೂಧಗಂಗೆಗಳ ನೀರೂ ಮೇಲುಗಡೆಯಲ್ಲಿಯೇ ಕೃಷ್ಣೆಯನ್ನು ಕೂಡಿ ಈ ದಂಡೆಗೆ ಬರುವವು. 2005, 2019 ಹಾಗೂ 2021ನೆಯ ಇಸವಿಗಳ ಮಹಾಪೂರಗಳನ್ನು ಹೊಳೆಯ ದಂಡೆಯವರು ಮರೆತಿಲ್ಲ. ನೀರು ಹೊಕ್ಕ ಮನೆಯಲ್ಲಿ ಅದು ನಿಂತ ಎತ್ತರಕ್ಕೆ ಕಂದು ಬಣ್ಣದ ಗೆರೆಯೊಂದು ಉಳಿಯುವದು. ಮಾರಲಿಕ್ಕೆ ಹೊರಟ ಗೃಹಸ್ಥನು ಮೊಟ್ಟಮೊದಲು ಮಾಡುವ ಕೆಲಸವೆಂದರೆ ಬಣ್ಣದ ಡಬ್ಬಿಯನ್ನು ತಂದು ಆ ಗೆರೆಯನ್ನು ಮುಚ್ಚುವದು. ಕೊಳ್ಳುವವನು ಗೆರೆಯನ್ನು ಕಂಡರೆ ಬೆಲೆ ಇಳಿಸುವನೆಂಬ ಭಯ, ಭಯವೇನೋ ಸುಳ್ಳಲ್ಲ. ಮುಪ್ಪಿನ ಕಾಲದ ಔಷಧದ ಖರ್ಚಿಗೆ ಈ ಮನೆಯ ಹಣವೊಂದೇ ಗತಿಯಾಗಿದ್ದರೆ, ಇಳಿಯುವ ಪ್ರತಿಯೊಂದು ಸಾವಿರವೂ ಅವರ ತುತ್ತಿನೊಳಗಿಂದಲೇ ಹೋಗುವದು. ಇದನ್ನು ಅರಿಯದೆ ನಾವು ಉಪದೇಶ ಮಾಡಹೊರಟಿಲ್ಲ.

ಆದರೂ ನಮ್ಮ ಅಭಿಪ್ರಾಯವು ಸ್ಪಷ್ಟವಾಗಿದೆ: ಗೆರೆಯ ಸಂಗತಿಯನ್ನು ಹೇಳಿಯೇ ಮಾರಬೇಕು. 1882ನೆಯ ಸ್ವತ್ತು ವರ್ಗಾವಣೆಯ ಕಾಯದೆಯ 55ನೆಯ ಕಲಮು, ಮಾರುವವನಿಗೆ ತಿಳಿದಿದ್ದು, ಕೊಳ್ಳುವವನಿಗೆ ತಿಳಿಯದೆ, ಸಾಮಾನ್ಯ ಎಚ್ಚರಿಕೆಯಿಂದ ಅವನಿಗೆ ಕಾಣಲಾರದ ಮಹತ್ವದ ದೋಷವನ್ನು ತಿಳಿಸಲೇಬೇಕೆಂದು ವಿಧಿಸುತ್ತದೆ; ತಿಳಿಸದಿರುವದನ್ನು ವಂಚನೆಯೆಂದೇ ಎಣಿಸುತ್ತದೆ. ಕಣ್ಣಿಗೆ ಕಾಣುತ್ತಿದ್ದ ಗೆರೆಯನ್ನು ಬಣ್ಣದಿಂದ ಮುಚ್ಚುವವನು ಕಾಣುವ ದೋಷವನ್ನು ತಾನೇ ಕಾಣದ ದೋಷವನ್ನಾಗಿ ಮಾಡಿಕೊಳ್ಳುವನಲ್ಲವೆ? ಅಲ್ಲದೆ ನೆರೆಹೊರೆಯ ಬಾಯಿಗೆ ಬಣ್ಣ ಬಳಿಯಲಾಗುವದಿಲ್ಲ. ಬೇಕಾದರೆ ಸುಣ್ಣ ಹಚ್ಚಿಸಿರಿ. ನೀರು ಎಲ್ಲಿಯ ವರೆಗೆ ಬಂದಿತ್ತು, ಎಷ್ಟು ದಿನ ನಿಂತಿತ್ತು, ಬಳಿಕ ಏನೇನು ದುರಸ್ತಿಯಾಯಿತು ಎಂಬುದನ್ನು ಮಾತ್ರ ಬಾಯಿಂದ ಹೇಳಿ, ಕರಾರುಪತ್ರದಲ್ಲಿಯೂ ಬರೆಯಿಸಿರಿ.

ಇನ್ನು ದುರಸ್ತಿಯ ಮಾತು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಕಲ್ಲುಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸುವದು ಹಣವನ್ನು ಹೊಳೆಗೆ ಹಾಕಿದಂತೆ. ಗೋಡೆಯು ನೆಲದ ತಂಪನ್ನು ಹೀರುವದು; ಸಿಮೆಂಟು ಅದನ್ನು ಹೊರಗೆ ಬಿಡದು; ತಂಪಿನೊಡನೆ ಏರಿದ ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ ಅದನ್ನು ಹಪ್ಪಳದಂತೆ ಎಬ್ಬಿಸುವದು. ಎಣ್ಣೆಬಣ್ಣದ ಗತಿಯೂ ಇದೇ. ಸುಣ್ಣದ ಗಿಲಾವು, ಸುಣ್ಣದ ಬಣ್ಣ ಇವು ಗೋಡೆಗೆ ಉಸಿರಾಡಲಿಕ್ಕೆ ಎಡೆಗೊಡುವವು. ಗೋಡೆ ಒಣಗಿದೆಯೋ ಇಲ್ಲವೋ ನೋಡಬೇಕಾದರೆ ಒಂದು ಮೊಳದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಅಂಟಿಸಿ ಒಂದೆರಡು ದಿನ ಬಿಡಿರಿ. ಒಳಮೈಗೆ ಹನಿಗೂಡಿದರೆ ಬಣ್ಣದ ಕೆಲಸಕ್ಕೆ ಇನ್ನೂ ಹೊತ್ತಾಗಿಲ್ಲ. ಎರೆಯ ನೆಲವು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವದರಿಂದ ಬೀಳುವ ಬಿರುಕುಗಳೂ ಇವೆ. ಅವು ಹಳೆಯವೇ, ಇನ್ನೂ ಬೆಳೆಯುತ್ತಿರುವವೇ ಎಂಬುದನ್ನು ಬಲ್ಲ ಗೌಂಡಿಗೆ ತೋರಿಸಿದ ಬಳಿಕವೇ ಮುಚ್ಚಿಸತಕ್ಕದ್ದು. ಅಡಿಗೆಮನೆಗೆ ಹೊಸ ಫರಸಿ, ಬಾಗಿಲಿಗೆ ಹೊಸ ಕೆತ್ತನೆ ಮುಂತಾದವು ಬೇಡ. ಕೊಳ್ಳುವವನು ಅವನ್ನು ಕಿತ್ತು ತನ್ನ ಮನಸ್ಸಿನಂತೆಯೇ ಮಾಡಿಸುವನು.

ಗೋಡೆಗಿಂತ ಕಾಗದವೇ ಹೆಚ್ಚು ದುರಸ್ತಿಯನ್ನು ಬೇಡುವದು. ಉತಾರವು ಇನ್ನೂ ಅಜ್ಜನ ಹೆಸರಿನಲ್ಲಿಯೇ ಇರುವ ಮನೆಗಳು ನಮ್ಮ ಭಾಗದಲ್ಲಿ ಬೇಕಾದಷ್ಟಿವೆ. ಮರಣದ ದಾಖಲೆ, ವಾರಸುದಾರರ ದಾಖಲೆಗಳನ್ನು ಕೂಡಿಸಿ ಮೊದಲು ಹೆಸರು ಬದಲಿಸಿಕೊಳ್ಳಬೇಕು. ಋಣಭಾರದ ಪ್ರಮಾಣಪತ್ರವನ್ನೂ ತರಿಸಿರಿ. ಎಂದೋ ತೀರಿಸಿದ ಸಾಲದ ಬೋಜಾ ಅದರಲ್ಲಿ ಇನ್ನೂ ಕುಳಿತಿರುವದುಂಟು. ಹಳೆಯ ಪತ್ರಗಳು ಮರಾಠಿಯಲ್ಲಿಯೋ ಮೋಡಿ ಲಿಪಿಯಲ್ಲಿಯೋ ಇದ್ದರೆ ಓದಬಲ್ಲವರಿಂದ ಪ್ರತಿ ಮಾಡಿಸಿಡುವದು ಒಳ್ಳೆಯದು.

ಹೆಣ್ಣುಮಕ್ಕಳ ಮಾತನ್ನು ಅನೇಕರು ಕೊನೆಗೆ ತೆಗೆಯುವರು. ಅದನ್ನು ಮೊದಲೇ ತೆಗೆಯಬೇಕು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳು ಹುಟ್ಟಿನಿಂದಲೇ ಮಗನಷ್ಟು ಹಕ್ಕುಳ್ಳವಳು. ತಿದ್ದುಪಡಿಯ ದಿನ ತಂದೆ ಜೀವಂತನಿರಲೇಬೇಕೆಂದಿಲ್ಲವೆಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ನಿರ್ಣಯಿಸಿತು. ಮೀರಜಕ್ಕೆ ಕೊಟ್ಟ ಅಕ್ಕನಿಗೆ ಸೀರೆಯೊಂದನ್ನು ಉಡಿಸಿ ಸಹಿ ಹಾಕಿಸಿಕೊಂಡರೆ ಸಾಲದೆ ಎಂದು ಕೇಳುವ ಅಣ್ಣತಮ್ಮಂದಿರಿದ್ದಾರೆ. ಅಕ್ಕನು ತನ್ನ ಪಾಲೆಷ್ಟೆಂಬುದನ್ನು ಅರಿತು, ಬಿಟ್ಟುಕೊಡುವದಾದರೆ ಅರಿತೇ ಬಿಟ್ಟುಕೊಡಲಿ. ಅವಳ ಸಹಿಯಿಲ್ಲದ ಮನೆಯನ್ನು ಜಾಣನಾದ ಖರೀದಿದಾರನು ಮುಟ್ಟಲೊಲ್ಲನು.

ಕಬ್ಬಿನ ಹಣ ಕೈಸೇರುವ ಕಾಲಕ್ಕೆ ಈ ಸೀಮೆಯಲ್ಲಿ ಕೊಳ್ಳುವವರು ಹೆಚ್ಚು. ಆದಕಾರಣ ಕಾಗದದ ಕೆಲಸವನ್ನು ಮಳೆಗಾಲದಲ್ಲಿಯೇ ಮುಗಿಸಿ, ದೀಪಾವಳಿಯ ಹೊತ್ತಿಗೆ ಸುಣ್ಣ ಕೊಡಿಸಿ, ಅಟ್ಟದ ಮೇಲಿನ ಹರಕುಮುರುಕುಗಳನ್ನು ಇಳಿಸಿರಿ. ಹಿತ್ತಾಳೆಯ ಹಂಡೆ, ಬೀಸುವ ಕಲ್ಲು, ದೇವರ ಜಗಲಿ ಇವುಗಳಲ್ಲಿ ಯಾವದು ಮನೆಯೊಡನೆ ಹೋಗುವದು, ಯಾವದು ನಿಮ್ಮೊಡನೆ ಬರುವದು ಎಂಬುದನ್ನು ಸಂಚಕಾರ ಹಿಡಿಯುವ ಮೊದಲೇ ಹೇಳಿಬಿಡಿರಿ. ಮಾರಾಟದ ದಿನದ ವರೆಗಿನ ಮನೆಯ ಕರವು ನಿಮ್ಮದು. ಪಾವತಿಯನ್ನು ಕೀಲಿಕೈಯೊಡನೆಯೇ ಕೊಡಿರಿ, ಮತ್ತು ಹೆಸ್ಕಾಂ ಕಚೇರಿಯಲ್ಲಿ ಮೀಟರು ಕೊಂಡವನ ಹೆಸರಿಗಾಗುವ ವರೆಗೆ ಬಿಲ್ಲಿನ ಕಡೆಗೆ ಲಕ್ಷ್ಯವಿರಲಿ.