ಕೈಯಲ್ಲಿ ಕಂಡ ದೋಷ, ಕಾಲಿನಲ್ಲಿದ್ದ ಮೂಲ

ಮಕ್ಕಳನ್ನು ತಿದ್ದುವ ವಿಷಯವಾಗಿ ಈ ಅಂಕಣದಲ್ಲಿ ನಾವು ಹಿಂದೆಯೂ ಬರೆದುದುಂಟು. ಆಗೆಲ್ಲ ಅಕ್ಷರ, ಉಚ್ಚಾರ, ಲೆಕ್ಕ ಇವೇ ನಮ್ಮ ಉದಾಹರಣೆಗಳಾಗಿದ್ದವು. ಈ ಸಲ ಚೆಂಡು ಮತ್ತು ಬ್ಯಾಟಿನ ಮಾತು ಬಂದಿದೆ. ಮಠದ ಪಾಠಶಾಲೆಯ ಜಗಲಿಯ ಮೇಲೆ ಅಮರಕೋಶವನ್ನು ಉರುಹಾಕುತ್ತ ಬೆಳೆದ ನಮಗೆ ಆಟದ ವಿಷಯದಲ್ಲಿ ಯಾವ ಅಧಿಕಾರವೂ ಇಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಆದರೂ ಮೂರು ತಿಂಗಳ ಕಾಲ ಮೈದಾನದ ಬೇಲಿಯ ಬಳಿ ಕುರ್ಚಿ ಹಾಕಿಕೊಂಡು ಕುಳಿತು ಕಂಡದ್ದನ್ನೂ, ಬಲ್ಲವರಿಂದ ಕೇಳಿ ತಿಳಿದದ್ದನ್ನೂ ವಾಚಕ ಬಂಧುಗಳ ಮುಂದಿಡದೆ ಇರಲಾರೆವು.

ನಮ್ಮ ಸೋದರಳಿಯನು ಹುಬ್ಬಳ್ಳಿಯಲ್ಲಿ ಓದು ಮುಗಿಸಿ ಅಮೆರಿಕೆಗೆ ಹೋದವನು. ಷಿಕಾಗೊ ನಗರದ ಹೊರವಲಯದಲ್ಲಿ ಸಂಸಾರ ಹೂಡಿದ್ದಾನೆ. ಆತನಿಗೆ 12 ವರ್ಷದ ಮಗಳು. ಆ ಮಗು ತನ್ನೂರಿನ ಬಾಲಕಿಯರ ತಂಡದಲ್ಲಿ ಸಾಫ್ಟ್‌ಬಾಲ್ ಆಡುತ್ತಾಳೆ. ಮೇ ತಿಂಗಳಲ್ಲಿ ನಾವು ಆ ಮನೆಗೆ ಹೋಗಿ ಇಳಿದಾಗ ಊಟದ ಹೊತ್ತಿನಲ್ಲಿ ತಂದೆ ಮಗಳು ಒಬ್ಬರ ಮುಖವನ್ನೊಬ್ಬರು ನೋಡುತ್ತಿರಲಿಲ್ಲ. ಮಗು ಆಟವನ್ನೇ ಬಿಟ್ಟುಬಿಡುವೆನೆಂದು ತಾಯಿಯೊಡನೆ ಹೇಳಿದ್ದಳಂತೆ. ತಂದೆಗೆ ಅದು ಸೋಲೆನಿಸಿತ್ತು. ತಾಯಿಯಾದವಳು ಇಬ್ಬರ ನಡುವೆ ಸಿಕ್ಕು, ಈ ಋತು ಮುಗಿಯುವವರೆಗೆ ಯಾರೂ ತೀರ್ಮಾನ ಮಾಡಕೂಡದೆಂದು ತಡೆದಿದ್ದಳು.

ಸಾಫ್ಟ್‌ಬಾಲ್ ಎಂಬ ಹೆಸರನ್ನು ನಂಬಿ ವಾಚಕರು ಮೋಸಹೋಗಬಾರದು. ಆ ಚೆಂಡು ಮೃದುವಲ್ಲ. ಸುತ್ತಳತೆ 12 ಅಂಗುಲ, ತೂಕ 180 ಗ್ರಾಮಿಗೆ ಕಡಿಮೆಯಿಲ್ಲವೆನ್ನಬಹುದು. ನಮ್ಮ ಕ್ರಿಕೆಟ್ ಚೆಂಡಿಗಿಂತ ಅದು ದೊಡ್ಡದೂ ಹೌದು, ಭಾರವೂ ಹೌದು. ಆಟ ಹುಟ್ಟಿದ್ದು ಇದೇ ಷಿಕಾಗೊದಲ್ಲಿ. 1887ರ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಫ್ಯಾರಗಟ್ ಬೋಟ್ ಕ್ಲಬ್ಬಿನ ಕಟ್ಟಡದೊಳಗೆ ಕೆಲವು ತರುಣರು ಒಂದು ಬಾಕ್ಸಿಂಗ್ ಕೈಗವಸನ್ನು ಚೆಂಡಿನಂತೆ ಬಿಗಿದು ಕಟ್ಟಿ, ಪೊರಕೆಯ ಕೋಲಿನಿಂದ ಹೊಡೆದು ಆಡಿದರು. ಅವರಲ್ಲಿ ಜಾರ್ಜ್ ಹ್ಯಾನ್‌ಕಾಕ್ ಎಂಬಾತನು ಅದಕ್ಕೆ ನಿಯಮಗಳನ್ನು ಬರೆದನು. ಸಾಫ್ಟ್‌ಬಾಲ್ ಎಂಬ ಹೆಸರು ಬಂದದ್ದು 1926ರಲ್ಲಿ. ಆ ನಗರದಲ್ಲಿ ಹಿರಿಯರು ಇಂದಿಗೂ 16 ಅಂಗುಲದ ದೊಡ್ಡ ಚೆಂಡಿನಿಂದ ಬರಿಗೈಯಲ್ಲಿ ಆಡುವುದುಂಟು. ಬೆರಳು ಮುರಿದುಕೊಂಡ ಕಥೆಯನ್ನು ಅಭಿಮಾನದಿಂದ ಹೇಳಿಕೊಳ್ಳುವುದೂ ಉಂಟು. 1996ರ ಅಟ್ಲಾಂಟ ಒಲಿಂಪಿಕ್ಸಿನಲ್ಲಿ ಮಹಿಳೆಯರ ಈ ಆಟ ಮೊದಲ ಬಾರಿಗೆ ಸೇರಿತು. 2008ರ ನಂತರ ಕೈಬಿಟ್ಟಿತು. ಟೋಕಿಯೊದಲ್ಲಿ ಒಮ್ಮೆ ಮರಳಿತು. 2023ರಲ್ಲಿ ಲಾಸ್ ಏಂಜಲಿಸಿನ 2028ರ ಕೂಟಕ್ಕೆ ಸಾಫ್ಟ್‌ಬಾಲನ್ನೂ ಕ್ರಿಕೆಟ್ಟನ್ನೂ ಒಂದೇ ನಿರ್ಣಯದಲ್ಲಿ ಸೇರಿಸಿದರೆಂಬ ಸಂಗತಿಯನ್ನು ನಮ್ಮ ಅಳಿಯನು ಎಷ್ಟೋ ಸಲ ಹೇಳಿದನು. ಆತನು ಕ್ರಿಕೆಟ್ ಆಡಿ ಬೆಳೆದವನು. ನಮ್ಮ ಕಥೆಯ ಗಂಟು ಅಲ್ಲಿಯೇ ಇದೆ.

ಕ್ರಿಕೆಟ್ಟಿನ ಪಿಚ್ಚು 22 ಗಜ, ಅಂದರೆ 66 ಅಡಿ. ಈ ವಯಸ್ಸಿನ ಸಾಫ್ಟ್‌ಬಾಲಿನಲ್ಲಿ ಚೆಂಡೆಸೆಯುವ ಪಿಚರ್ ನಿಲ್ಲುವುದು 40 ಅಡಿ ದೂರದಲ್ಲಿ. ಅವಳು ತೋಳನ್ನು ಚಕ್ರದಂತೆ ಒಂದು ಸುತ್ತು ತಿರುಗಿಸಿ, ಉದ್ದನೆಯ ಹೆಜ್ಜೆಯಿಟ್ಟು, ಸೊಂಟದ ಬಳಿಯಿಂದ ಚೆಂಡು ಬಿಡುವುದರಿಂದ ಆ ಅಂತರವೂ ಕಿರಿದಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದ ಚೆಂಡು ಅರ್ಧ ಸೆಕೆಂಡಿನೊಳಗೆ ಬಂದು ಮುಟ್ಟುತ್ತದೆ. ಅಷ್ಟರಲ್ಲಿ ಮಗು ಚೆಂಡನ್ನು ಕಾಣಬೇಕು, ಹೊಡೆಯಬೇಕೋ ಬೇಡವೋ ನಿರ್ಧರಿಸಬೇಕು, ಬ್ಯಾಟ್ ಬೀಸಬೇಕು. ತಲೆಗೆ ಹೆಲ್ಮೆಟ್ ಉಂಟು, ಮುಖಕ್ಕೆ ಜಾಲರಿಯುಂಟು; ಕಾಲಿಗೆ ಕ್ರಿಕೆಟ್ಟಿನ ಪ್ಯಾಡಿನಂಥದು ಯಾವುದೂ ಇಲ್ಲ.

ನಾವು ಮೊದಲು ನೋಡಿದ ಸಂಜೆ ಮಗುವಿನ ಬ್ಯಾಟಿಗೆ ಚೆಂಡು ಸಿಕ್ಕರೂ ತುದಿಗೆ ಸಿಕ್ಕುತ್ತಿತ್ತು. ಚೆಂಡು ನೆಲಕ್ಕೆ ಬಿದ್ದು ಸತ್ತಂತೆ ಉರುಳುತ್ತಿತ್ತು. ಹೊರಬದಿಯ ಚೆಂಡಿಗೆ ಕೈಗಳೆರಡನ್ನೂ ಮೈಯಿಂದ ದೂರ ಚಾಚಿ ಬೀಸುವಳು. ಆ ಚಾಚುವಿಕೆ ನಮ್ಮಂಥ ಅರಿಯದವರ ಕಣ್ಣಿಗೂ ಕಾಣುವಂತಿತ್ತು. ಬೇಲಿಯಾಚೆಯಿಂದ ತಂದೆಯ ಕೂಗು: "ಕೈ ಚಾಚಬ್ಯಾಡವ್ವಾ! ಮೊಣಕೈ ಮ್ಯಾಲೆತ್ತು! ತಲಿ ಅಲುಗಿಸಬ್ಯಾಡ! ಚೆಂಡ ನೋಡು!" ನಾವು ಎಣಿಸಿದೆವು. ಒಂದು ಸರದಿಯಲ್ಲಿ ಅವಳಿಗೆ ಬಂದ ಚೆಂಡುಗಳು 6. ಬಂದ ಆಜ್ಞೆಗಳು 11. ಆತನು ಹೇಳಿದ ಒಂದೊಂದು ಮಾತೂ ಪ್ರತ್ಯೇಕವಾಗಿ ಸುಳ್ಳಲ್ಲ. ಆದರೆ ಅರ್ಧ ಸೆಕೆಂಡಿನಲ್ಲಿ ನಾಲ್ಕು ಮಾತುಗಳನ್ನು ನೆನೆದು ನಡೆಯಬಲ್ಲ ಮನುಷ್ಯರು ಎಲ್ಲಿದ್ದಾರೆ? ನಾವೂ ನಿರ್ದೋಷಿಗಳಲ್ಲ. ಮರುದಿನ ಅಂಗಳದಲ್ಲಿ ಅವಳು ಬ್ಯಾಟ್ ಬೀಸುತ್ತಿದ್ದಾಗ, ಬೆನ್ನು ನೆಟ್ಟಗಿರಲೆಂದು ನಾವೂ ಒಂದು ಮಾತು ಸೇರಿಸಿದೆವು. ಮಗು ಬ್ಯಾಟನ್ನು ಹುಲ್ಲಿನ ಮೇಲೆ ಮೆಲ್ಲನೆ ಇಟ್ಟು ಒಳಗೆ ಹೋದಳು.

ಆ ತಂಡಕ್ಕೆ ತರಬೇತಿ ನೀಡುವ ತಾಯಿಯೊಬ್ಬರಿದ್ದರು. ಕಾಲೇಜಿನ ದಿನಗಳಲ್ಲಿ ತಾವೂ ಆಡಿದವರು. ನಮ್ಮ ಅರೆಬರೆ ಇಂಗ್ಲಿಷಿಗೆ ಸೊಸೆಯ ನೆರವು ಪಡೆದು ಅವರಲ್ಲಿ ವಿಚಾರಿಸಿದೆವು. ಅವರು ನಗುತ್ತ, ಕೈಯನ್ನು ನೋಡಬೇಡಿರಿ, ಮುಂದಿನ 10 ಚೆಂಡುಗಳಿಗೆ ಅವಳ ಎಡಗಾಲನ್ನು ಮಾತ್ರ ನೋಡಿರಿ ಎಂದರು. ನೋಡಿದೆವು. ಬಲಗೈ ಆಟಗಾರ್ತಿಗೆ ಎಡಗಾಲೇ ಮುಂಗಾಲು. ಅದು ಪಿಚರ್ ಇರುವ ದಿಕ್ಕಿಗೆ ನೇರವಾಗಿ ಇಳಿಯಬೇಕು. ಮಗುವಿನ ಕಾಲು 10ರಲ್ಲಿ 7 ಸಲ ಮೂರನೆಯ ಬೇಸ್ ಕಡೆಗೆ, ಹೋಮ್ ಪ್ಲೇಟಿನಿಂದ ದೂರಕ್ಕೆ, ಗೇಣುದ್ದ ಸರಿದು ಇಳಿಯಿತು.

ಕಾಲು ಸರಿದರೆ ಕೈಗೇನು ಕೇಡು? ಆ ತಾಯಿ ವಿವರಿಸಿದ್ದು ಹೀಗೆ. ಹೊಡೆತದ ಬಲ ತೋಳಿನಲ್ಲಿ ಹುಟ್ಟುವುದಿಲ್ಲ, ನೆಲದಿಂದ ಏರಿ ಬರುತ್ತದೆ. ಮೊದಲು ಮೈಭಾರ ಹಿಂಗಾಲಿಗೆ ಸರಿಯುತ್ತದೆ. ಮುಂಗಾಲು ಗಿಡ್ಡ ಹೆಜ್ಜೆಯಿಟ್ಟು ಊರಿಕೊಳ್ಳುತ್ತದೆ. ಅದರ ಹಿಮ್ಮಡಿ ನೆಲ ಮುಟ್ಟುತ್ತಲೇ ಸೊಂಟ ತಿರುಗುತ್ತದೆ. ಸೊಂಟದ ಹಿಂದೆ ಭುಜ, ಭುಜದ ಹಿಂದೆ ಕೈ, ಎಲ್ಲಕ್ಕೂ ಕಡೆಗೆ ಬ್ಯಾಟಿನ ತುದಿ. ಚಾಟಿಯ ಹಿಡಿ ಮೊದಲು ಚಲಿಸಿ ತುದಿ ಕಡೆಗೆ ಸಿಡಿಯುವಂತೆ ಇದರ ಕ್ರಮ. 1941ರಲ್ಲಿ ಸಾವಿರಕ್ಕೆ 406ರ ಸರಾಸರಿಯಲ್ಲಿ ಹೊಡೆದ ಬೇಸ್‌ಬಾಲ್ ಆಟಗಾರ ಟೆಡ್ ವಿಲಿಯಮ್ಸ್ ಕೂಡ ತನ್ನ 'ದಿ ಸೈನ್ಸ್ ಆಫ್ ಹಿಟಿಂಗ್' ಎಂಬ ಪುಸ್ತಕದಲ್ಲಿ ಕೈಗಳಿಗೆ ದಾರಿ ತೋರುವುದು ಸೊಂಟವೆಂದೇ ಪ್ರತಿಪಾದಿಸಿದ್ದಾನೆ. ಮುಂಗಾಲು ಬದಿಗೆ ಓಡಿದರೆ ಸೊಂಟ ಹೊತ್ತಿಗೆ ಮುನ್ನವೇ ತೆರೆದುಬಿಡುತ್ತದೆ, ಅದರೊಡನೆ ಎಡಭುಜವೂ ತಲೆಯೂ ಎಳೆದುಕೊಂಡು ಹೋಗುತ್ತವೆ. ಬಲವೆಲ್ಲ ಚೆಂಡು ಬರುವ ಮೊದಲೇ ವ್ಯಯವಾಗಿ, ಮೈ ಒಂದು ಕಡೆಗೆ ಚೆಂಡು ಇನ್ನೊಂದು ಕಡೆಗೆ ಆಗುತ್ತದೆ. ಆಗ ಪಾಪ, ಕೈಗಳು ಚಾಚದೆ ಇನ್ನೇನು ಮಾಡಿಯಾವು?

ಇದರಲ್ಲಿ ಸ್ವಲ್ಪ ಪಾಲು ನಮ್ಮ ಕ್ರಿಕೆಟ್ಟಿನದೂ ಇತ್ತು. ಮಗು ಚಿಕ್ಕವಳಿದ್ದಾಗ ತಂದೆ ಅಂಗಳದಲ್ಲಿ ಅವಳಿಗೆ ಬ್ಯಾಟಿಂಗ್ ಕಲಿಸಿದ್ದನು. ಅಲ್ಲಿ ಚೆಂಡು ನೆಲಕ್ಕೆ ಪುಟಿದು ಬರುವುದರಿಂದ ಕಾಲು ಚೆಂಡನ್ನು ಹುಡುಕಿಕೊಂಡು ಹೋಗುವುದೇ ಧರ್ಮ. ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ, ಒಮ್ಮೆ ಬದಿಗೆ. ಸಾಫ್ಟ್‌ಬಾಲಿನಲ್ಲಿ ಚೆಂಡು ಪುಟಿಯುವುದಿಲ್ಲ. ಕಾಲು ಎಲ್ಲ ಚೆಂಡುಗಳಿಗೂ ಒಂದೇ ಕಡೆ ಇಳಿಯಬೇಕು. ಚೆಂಡನ್ನು ಅರಸಿ ಹೋಗುವ ಕೆಲಸ ಸೊಂಟಕ್ಕೂ ಕೈಗೂ ಸೇರಿದ್ದು.

ಆದರೆ ಮುಖ್ಯ ಕಾರಣ ಕ್ರಿಕೆಟ್ಟಲ್ಲ. ಆ ತಾಯಿ ನಮಗೆ ಇನ್ನೊಂದು ಸಂಗತಿಯನ್ನು ತೋರಿಸಿದರು: ಚೆಂಡು ಪಿಚರಿನ ಕೈಬಿಡುವ ಮುನ್ನವೇ ಕಾಲು ಸರಿಯತೊಡಗುತ್ತಿತ್ತು. ಚೆಂಡು ಎತ್ತ ಬರುವುದೆಂದು ತಿಳಿಯದೆಯೇ ಕಾಲು ಓಡುತ್ತದೆಂದರೆ ಅದು ಅಂದಾಜಿನ ತಪ್ಪಲ್ಲ, ಅಂಜಿಕೆ. ಎಂದಾದರೂ ಚೆಂಡು ತಗುಲಿತ್ತೇ ಎಂದು ಅವರು ಕೇಳಿದರು. ಸೊಸೆಯ ಮುಖ ಬಾಡಿತು. ಏಪ್ರಿಲಿನಲ್ಲಿ ಒಳಬದಿಗೆ ಬಂದ ಚೆಂಡೊಂದು ಎಡ ಮೊಣಕೈಗೆ ಬಡಿದು, ಎರಡು ವಾರ ನೀಲಿಗಟ್ಟಿತ್ತಂತೆ. ನಿಯಮದ ಪ್ರಕಾರ ಮಗುವಿಗೆ ಮೊದಲನೆಯ ಬೇಸ್ ದೊರಕಿತು, ಎಲ್ಲರೂ ಚಪ್ಪಾಳೆ ತಟ್ಟಿದರು. "ಏನಾಗಂಗಿಲ್ಲ, ಹೆದರಬ್ಯಾಡ" ಎಂದು ತಂದೆ ಬೆನ್ನು ತಟ್ಟಿದನು. ಅಷ್ಟಕ್ಕೇ ಆ ಮಾತು ಮುಗಿದಿತ್ತು. ಮಗುವೂ ಮತ್ತೆ ಬಾಯಿ ಬಿಟ್ಟಿರಲಿಲ್ಲ.

ಆ ರಾತ್ರಿ ನಮ್ಮ ಅಳಿಯನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದನು. "ಮಾಮಾ, ನಾ ಇಷ್ಟು ದಿನ ಕೈ ಕೈ ಅಂತ ಬೈದೆ" ಎಂದನು. "ತಮ್ಮಾ, ನಾವೂ ಬೆನ್ನು ಬೆನ್ನು ಅಂದೆವಲ್ಲ" ಎಂದೆವು.

ತಿದ್ದುವ ಕ್ರಮ ನಮಗೆ ವಿಸ್ಮಯವನ್ನುಂಟುಮಾಡಿತು. ಮೊದಲ ವಾರ ಬ್ಯಾಟ್ ಬೀಸುವುದನ್ನೇ ನಿಲ್ಲಿಸಿದರು. ಟೆನಿಸ್ ಚೆಂಡುಗಳನ್ನು ಮೆಲ್ಲಗೆ ಅವಳ ಮೈಯತ್ತಲೇ ಎಸೆದು, ತಪ್ಪಿಸಿಕೊಳ್ಳುವ ಬಗೆಯನ್ನು ಕಲಿಸಿದರು. ಹಿಂದಕ್ಕೆ ಸರಿದರೆ ಎದೆ, ಮುಖ, ಕೈ ಎಲ್ಲವೂ ಚೆಂಡಿಗೆ ತೆರೆದುಕೊಳ್ಳುತ್ತವೆ. ಎಡಭುಜವನ್ನು ಒಳಗೆ, ಕ್ಯಾಚರ್ ಕಡೆಗೆ ತಿರುಗಿಸಿ, ಗದ್ದವನ್ನು ಎದೆಗೆ ಒತ್ತಿ, ಬ್ಯಾಟನ್ನು ಕೆಳಗಿಳಿಸಿದರೆ ಚೆಂಡು ಬಡಿಯುವುದು ಬೆನ್ನಿನ ಮಾಂಸಲ ಭಾಗಕ್ಕೆ. ಮೂರನೆಯ ದಿನ ಮಗು ನಗತೊಡಗಿದ್ದಳು. ತಂದೆಯನ್ನೂ ಕರೆದು ನಿಲ್ಲಿಸಿ ಅವನ ಬೆನ್ನಿಗೆ ನಾಲ್ಕು ಚೆಂಡು ಎಸೆದಳು. ಹೆದರಬೇಡವೆಂದು ನೂರು ಸಲ ಹೇಳಿದರೂ ಆಗದಿದ್ದುದು ಇದರಿಂದ ಆಗತೊಡಗಿತು.

ಎರಡನೆಯ ವಾರ ಮಣ್ಣಿನ ಮೇಲೆ ಅವಳ ಮುಂಗಾಲಿನಿಂದ ಪಿಚರ್ ಕಡೆಗೆ ಒಂದು ಗೆರೆ ಎಳೆದರು. ಟೀ ಎಂಬ ರಬ್ಬರಿನ ಕಂಬದ ಮೇಲೆ ಚೆಂಡನ್ನಿಟ್ಟು ಹೊಡೆಸಿದರು. ಹೊಡೆದ ಮೇಲೆ ಚೆಂಡು ಎಲ್ಲಿ ಹೋಯಿತೆಂದು ನೋಡುವಂತಿಲ್ಲ, ಕಾಲಿನ ಗುರುತು ಗೆರೆಯ ಮೇಲಿದೆಯೇ ಎಂದು ಬಗ್ಗಿ ನೋಡಬೇಕು. ಯಾರೂ ಏನೂ ಹೇಳುವಂತಿಲ್ಲ, ಹೇಳುವುದು ಮಣ್ಣೇ. ನಮ್ಮ ಗುರುಗಳು ಮಹಾಪ್ರಾಣ ತಪ್ಪಿದ ಹುಡುಗನಿಗೆ ಒಂದು ದಿನಕ್ಕೆ ಒಂದೇ ಅಕ್ಷರವನ್ನು ತಿದ್ದುತ್ತಿದ್ದುದು ನಮಗೆ ನೆನಪಾಯಿತು. ಉಳಿದ ತಪ್ಪುಗಳನ್ನು ಕೇಳಿಯೂ ಕೇಳದಂತೆ ಅವರು ಹೇಗೆ ಕುಳಿತಿರುತ್ತಿದ್ದರೋ, ಅದು ಈ ವಯಸ್ಸಿನಲ್ಲಿಯೂ ನಮಗೆ ಸಾಧ್ಯವಾಗಿಲ್ಲ.

ಬಳಿಕ ಕಂಬದ ಜಾಗವನ್ನು ಬದಲಾಯಿಸಿದರು. ಒಳಬದಿಯ ಚೆಂಡನ್ನು ಮುಂಗಾಲಿಗಿಂತ ಮುಂದೆಯೇ ಎದುರುಗೊಳ್ಳಬೇಕು. ಹೊರಬದಿಯದನ್ನು ಪ್ಲೇಟಿನ ಮೇಲಕ್ಕೆ ಬರಲು ಬಿಟ್ಟು, ತಡವಾಗಿ, ಬಲಬದಿಯ ಮೈದಾನಕ್ಕೆ ಹೊಡೆಯಬೇಕು. ಹೊರಬದಿಯ ಚೆಂಡಿಗೆ ಕೈ ಚಾಚಬೇಕಾಗಿಲ್ಲ, ಕಾಯಬೇಕು. ಇದು ತಿಳಿದ ದಿನ ಅವಳ ತೋಳುಗಳು ತಾವಾಗಿಯೇ ಮೈಗೆ ಹತ್ತಿರ ಬಂದವು. ಕೈಯ ಬಗ್ಗೆ ಯಾರೂ ಒಂದು ಮಾತನ್ನೂ ಹೇಳಿರಲಿಲ್ಲ. ಆಮೇಲೆ ಪಕ್ಕದಿಂದ ಮೆಲ್ಲಗೆ ಎಸೆದ ಚೆಂಡು, ಎದುರಿನಿಂದ ಎಸೆದ ಚೆಂಡು, ಕಡೆಗೆ ನಿಜವಾದ ಪಿಚರ್. ಹೀಗೆ ಜೂನ್ ಕಳೆಯಿತು. ಪಂದ್ಯದ ದಿನ ಕಾಲಿನ ಮಾತೂ ಎತ್ತಕೂಡದೆಂಬುದು ಆ ತಾಯಿಯ ಕಟ್ಟಪ್ಪಣೆ. ಅಭ್ಯಾಸದಲ್ಲಿ ಕಾಲು, ಪಂದ್ಯದಲ್ಲಿ ಚೆಂಡು. ನಮ್ಮ ಅಳಿಯನು ಪಂದ್ಯಗಳಿಗೆ ದೂರದ ಬೇಲಿಯ ಬಳಿ, ತನ್ನ ದನಿ ಮುಟ್ಟದಷ್ಟು ಆಚೆ, ಕೈಕಟ್ಟಿ ನಿಲ್ಲತೊಡಗಿದನು. ಒಂದೆರಡು ಸಲ ಬಾಯಿಯ ಮೇಲೆ ಕೈಯಿಟ್ಟುಕೊಂಡದ್ದನ್ನೂ ಕಂಡೆವು.

ಎಲ್ಲವೂ ನೆಟ್ಟಗಾಯಿತೆಂದು ಬರೆದರೆ ಸುಳ್ಳಾದೀತು. ವೇಗದ ಪಿಚರ್ ಎದುರಾದಾಗ, ಅದರಲ್ಲಿಯೂ ಒಳಬದಿಗೆ ಒಂದು ಚೆಂಡು ಬಂದು ಹೋದ ಮೇಲೆ, ಕಾಲು ಹಳೆಯ ದಾರಿ ಹಿಡಿಯುವುದು ಜುಲೈಯಲ್ಲಿಯೂ ಇತ್ತು. ನಾವು ಹೊರಡುವ ವಾರದ ಪಂದ್ಯದಲ್ಲಿ ಮಗು ಬ್ಯಾಟ್ ಬೀಸಿ, ಮೂರನೆಯ ಸ್ಟ್ರೈಕಿಗೆ ಔಟಾದಳು. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಅವಳ ಕಣ್ಣು ಮೊದಲು ತಂದೆಯನ್ನು ಹುಡುಕುತ್ತಿತ್ತು. ಅಂದು ಅವಳು ಬಗ್ಗಿ ಮಣ್ಣನ್ನು ನೋಡಿ, ಬ್ಯಾಟನ್ನು ಹೆಗಲಿಗೇರಿಸಿಕೊಂಡು ಹೊರಬಂದಳು.

ರಾತ್ರಿ ರೊಟ್ಟಿಯ ತಟ್ಟೆಯ ಮುಂದೆ, "ಅಜ್ಜಾ, ಕಾಲು ಬರೋಬ್ಬರಿ ಇತ್ತು. ನಾನೇ ಲೇಟ್ ಮಾಡಿದೆ" ಎಂದಳು. ತಂದೆ ಏನೋ ಹೇಳಲು ಬಾಯಿ ತೆರೆದವನು, ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದನು. ಮುಂದಿನ ಋತುವಿಗೆ ಹೆಸರು ಬರೆಸುವುದು ಯಾವಾಗಲೆಂದು ಮಗುವೇ ತಾಯಿಯನ್ನು ಕೇಳಿದಳು.