ಆ್ಯಪ್ ಸಾಲಕ್ಕೆ ಮಿತಿ ಬೇಕು

ತಿಂಗಳ ಕೊನೆಗೆ ಮಗುವಿಗೆ ಜ್ವರ ಬಂದರೆ, ಉಳಿತಾಯವಿಲ್ಲದ ನೌಕರನಿಗೆ ತಕ್ಷಣ ಸಿಗುವುದು ಮೊಬೈಲ್ ಆ್ಯಪ್‌ನ ಸಾಲ. ಅದರ ಲೆಕ್ಕ ನೋಡಿ: ₹5,000 ಸಾಲದಲ್ಲಿ ₹1,000 ‘ಸಂಸ್ಕರಣಾ ಶುಲ್ಕ’ವೆಂದು ಮೊದಲೇ ಮುರಿದುಕೊಂಡರೆ ಕೈಗೆ ಬರುವುದು ₹4,000. ಹದಿನೈದೇ ದಿನದಲ್ಲಿ ₹5,000 ಕಟ್ಟಬೇಕು. ವಾರ್ಷಿಕ ದರ ಶೇ 600 ದಾಟುತ್ತದೆ. ಅದನ್ನು ತೀರಿಸಲು ಇನ್ನೊಂದು ಆ್ಯಪ್‌ನಿಂದ ಸಾಲ.

ಎಲ್ಲ ವೆಚ್ಚ ಸೇರಿದ ವಾರ್ಷಿಕ ದರವನ್ನು ಮೊದಲೇ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿತು. ಆದರೆ ದರಕ್ಕೆ ಮಿತಿ ಹಾಕಲಿಲ್ಲ. ಸಾಲಗಾರರಿಗೆ ಕಿರುಕುಳ ತಡೆಯುವ ಕರ್ನಾಟಕದ 2025ರ ಕಾನೂನು ಸ್ವಾಗತಾರ್ಹ. ಅದರಡಿ ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಆದರೆ ಕಿರುಕುಳದ ಬೇರು ಇರುವುದು ತೀರಿಸಲಾಗದ ಸಾಲದಲ್ಲಿ.

ಬ್ರಿಟನ್ 2015ರಲ್ಲಿ ಇಂಥ ಸಾಲಗಳಿಗೆ ದಿನಕ್ಕೆ ಶೇ 0.8ರ ಮಿತಿ ಹಾಕಿತು; ಬಡ್ಡಿ, ಶುಲ್ಕ, ದಂಡ ಎಲ್ಲ ಸೇರಿದರೂ ಅಸಲನ್ನು ಮೀರುವಂತಿಲ್ಲ. ಆ ಲೆಕ್ಕದಲ್ಲಿ ನಮ್ಮ ನೌಕರ ಕೈಗೆ ಬಂದ ₹4,000ಕ್ಕೆ ಹದಿನೈದು ದಿನದಲ್ಲಿ ಹೆಚ್ಚುವರಿಯಾಗಿ ತೆರಬೇಕಾದದ್ದು ₹1,000 ಅಲ್ಲ, ಹೆಚ್ಚೆಂದರೆ ₹480.

ಕಷ್ಟದಲ್ಲಿರುವವನಿಗೇ ಅತಿ ದುಬಾರಿ ದರ ಹೇರುವುದು ಅನ್ಯಾಯ. ಆ್ಯಪ್ ಸಾಲದ ಒಟ್ಟು ವೆಚ್ಚಕ್ಕೆ ರಿಸರ್ವ್ ಬ್ಯಾಂಕ್ ಮಿತಿ ನಿಗದಿಪಡಿಸಲಿ. ಸಹಕಾರ ಸಂಘಗಳು ತುರ್ತು ಕಿರುಸಾಲವನ್ನು ಅದೇ ದಿನ ಕೊಡುವಂತಾಗಲಿ.